ಕೈಫಿಯತ್ ಕಾಲಮಿನಲ್ಲಿ ಉಳಿದ ಶಾಲೆ: ಕಲಬುರಗಿಯಿಂದ ಒಂದು ಬಹಿರಂಗ ಪತ್ರ

ಶಾಲಾ ಶಿಕ್ಷಣ ಇಲಾಖೆಯ ಮಾನ್ಯ ಅಧಿಕಾರಿಗಳಿಗೆ, ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳ ಸದಸ್ಯರಿಗೆ, ಹಾಗೂ ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳ ಹಳೆಯ ಸರ್ಕಾರಿ ಪ್ರೌಢಶಾಲೆಗಳಲ್ಲಿ ಓದಿದ ಎಲ್ಲರಿಗೆ,

ಮಾನ್ಯರೇ,

ಕಲಬುರಗಿ ನಗರದ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ನಾನು 1971ರಿಂದ 1974ರವರೆಗೆ ಎಂಟು, ಒಂಬತ್ತು ಮತ್ತು ಹತ್ತನೆಯ ತರಗತಿಗಳನ್ನು ಓದಿದೆ. ನಿಜಾಮರ ಆಳ್ವಿಕೆಯಲ್ಲಿ ನನ್ನ ತಂದೆಯವರೂ ಅವರ ನಂತರ ನನ್ನ ಅಣ್ಣನೂ ಓದಿದ್ದು ಅದೇ ಶಾಲೆಯಲ್ಲಿ. ಮುಂದೆ ನಾನು ಕನ್ನಡ ಶಿಕ್ಷಕನಾಗಿ ಈ ಭಾಗದ ಹಲವು ತಾಲ್ಲೂಕುಗಳಲ್ಲಿ ಕೆಲಸ ಮಾಡಿ 2018ರಲ್ಲಿ ನಿವೃತ್ತನಾದೆ. ಆ ಶಾಲೆಯ ಹಳೆಯ ಕಟ್ಟಡವನ್ನು ಶಿಥಿಲವೆಂದು ಘೋಷಿಸಿ ಕೆಡವಲು ಇಷ್ಟರಲ್ಲೇ ಕೆಲಸ ಆರಂಭವಾಗಲಿದೆ ಎಂದು ತಿಳಿದು ಈ ಪತ್ರವನ್ನು ಬರೆಯುತ್ತಿದ್ದೇನೆ. ಕಟ್ಟಡವನ್ನು ಉಳಿಸಿ ಎಂದು ಕೇಳುವುದು ನನ್ನ ಉದ್ದೇಶವಲ್ಲ. ತೊಲೆಗಳು ಬಾಗಿವೆ, ಗಚ್ಚು ಉದುರುತ್ತಿದೆ, ಅದರ ಕೆಳಗೆ ಮಕ್ಕಳನ್ನು ಕೂರಿಸಬಾರದೆಂದು ಎಂಜಿನಿಯರರು ಬರೆದುಕೊಟ್ಟಿದ್ದಾರೆ. ಅದು ಸರಿಯಾದ ಮಾತು. ಆದರೆ ಆ ಕಟ್ಟಡದ ಕೊನೆಯ ಕೋಣೆಯಲ್ಲಿ ಮುರಿದ ಬೆಂಚುಗಳ ಹಿಂದೆ, ಬಟ್ಟೆಯಲ್ಲಿ ಸುತ್ತಿ ಗಂಟು ಹಾಕಿಟ್ಟ, ಹಳೆಯ ರಜಿಸ್ಟರುಗಳ ಇಪ್ಪತ್ತಕ್ಕೂ ಹೆಚ್ಚು ಬಸ್ತಾಗಳಿವೆ. ಕಟ್ಟಡ ಕೆಡವುವ ಮುನ್ನ ಅವು ಹೊರಗೆ ಬರಬೇಕು, ರದ್ದಿಗೆ ಹೋಗಬಾರದು, ಓದಲು ಬಲ್ಲವರ ಕೈಗೆ ಸಿಗಬೇಕು ಎಂಬುದಷ್ಟೇ ನನ್ನ ಕೋರಿಕೆ.

ಶಾಲೆಯ ಹೆಸರನ್ನು ನಾನು ಬೇಕೆಂದೇ ಬರೆದಿಲ್ಲ. ಬರೆದರೆ ವಿಷಯ ಒಂದು ಶಾಲೆಯ ಮುಖ್ಯೋಪಾಧ್ಯಾಯರ ಮೇಲಿನ ದೂರಾಗಿ ಕುಗ್ಗುತ್ತದೆ. ಅವರು ಸ್ವತಃ ತರಗತಿ ತೆಗೆದುಕೊಂಡು, ಬಿಸಿಯೂಟದ ಲೆಕ್ಕ ಬರೆದು, ದಿನಕ್ಕೆ ನಾಲ್ಕು ವರದಿಗಳನ್ನು ಕಳಿಸುವವರು. ಅವರಿಗೆ ಓದಲು ಬಾರದ ಲಿಪಿಯ ಬಸ್ತಾಗಳನ್ನು ಅವರು ಗಮನಿಸಲಿಲ್ಲವೆಂದು ಆಕ್ಷೇಪಿಸುವುದು ನ್ಯಾಯವಲ್ಲ. ಅಲ್ಲದೆ ನಾನು ಕೆಲಸ ಮಾಡಿದ ಬೇರೆ ಊರುಗಳ ಹಳೆಯ ಶಾಲೆಗಳಲ್ಲಿಯೂ ಇಂಥ ಕೋಣೆಗಳನ್ನು ಕಂಡಿದ್ದೇನೆ. ನಾನೂ ಅವುಗಳ ಬಾಗಿಲು ಹಾಕಿಕೊಂಡು ಬಂದವನೇ.

ಆ ಕೋಣೆಯೊಳಗೆ ನಾನು ಕಾಲಿಟ್ಟದ್ದು ಚರಿತ್ರೆಯ ಆಸಕ್ತಿಯಿಂದಲ್ಲ. ನನ್ನ ಅಣ್ಣ ಓದು ಮುಗಿಸಿದ ಮೇಲೆ ಸೊಲ್ಲಾಪುರಕ್ಕೆ ಹೋಗಿ ಅಲ್ಲಿಯೇ ನೆಲೆಸಿದ. ಅಲ್ಲಿ ಹುಟ್ಟಿದ ಅವನ ಮಗ ಈಗ ಕಲಬುರಗಿಗೆ ಮರಳಿದ್ದಾನೆ. ಸಂವಿಧಾನದ 98ನೇ ತಿದ್ದುಪಡಿಯ ಮೂಲಕ ಬಂದು 2013ರಲ್ಲಿ ಜಾರಿಯಾದ 371(ಜೆ) ವಿಧಿಯ ಅನ್ವಯ ಸ್ಥಳೀಯ ವ್ಯಕ್ತಿ ಎಂಬ ಅರ್ಹತಾ ಪ್ರಮಾಣಪತ್ರವನ್ನು ಪಡೆಯಲು, ಅವನ ತಂದೆ ಇಲ್ಲಿಯವನೇ ಎಂದು ತೋರಿಸುವ ದಾಖಲೆ ಬೇಕಾಯಿತು. ಜನನ ನೋಂದಣಿ ಇಲ್ಲ, ಹೊಲ ಮಾರಿ ಬಹಳ ಕಾಲವಾಗಿದೆ, ಮನೆ ಬಿದ್ದಿದೆ. ಉಳಿದದ್ದು ಶಾಲೆಯ ದಾಖಲಾತಿ ರಜಿಸ್ಟರ್ ಒಂದೇ. ಈ ಭಾಗದ ಸಾವಿರಾರು ಮನೆಗಳ ಕಥೆ ಇದೇ ಆಗಿದೆ: ಸಿ ದರ್ಜೆಯ ಹುದ್ದೆಗಳಲ್ಲಿ ಶೇಕಡ 80, ಡಿ ದರ್ಜೆಯಲ್ಲಿ ಶೇಕಡ 85, ಈ ಭಾಗದ ಶಿಕ್ಷಣ ಸಂಸ್ಥೆಗಳ ಸೀಟುಗಳಲ್ಲಿ ಶೇಕಡ 70ರಷ್ಟು ಮೀಸಲಾತಿಯ ಬಾಗಿಲು ಅನೇಕರಿಗೆ ತೆರೆಯುವುದು ಯಾವುದೋ ಶಾಲೆಯ ಹಳೆಯ ರಜಿಸ್ಟರಿನ ಒಂದು ಸಾಲಿನಿಂದ.

ಅಣ್ಣನ ಸಾಲು ಕಚೇರಿಯ ಕಪಾಟಿನಲ್ಲೇ ಸಿಕ್ಕಿತು. ಅದಕ್ಕೂ ಹಿಂದಿನವು ಎಲ್ಲಿವೆ ಎಂದು ಸುಮ್ಮನೆ ಕೇಳಿದಾಗ, ನಿವೃತ್ತಿಗೆ ಹತ್ತಿರವಾಗಿರುವ ಜವಾನರು ಬೀಗದ ಕೈ ಹಿಡಿದು ನನ್ನನ್ನು ಆ ಕೋಣೆಗೆ ಕರೆದೊಯ್ದರು. ಒಂದು ಬಸ್ತಾ ಬಿಚ್ಚಿ, ಫರಸಿ ಕಲ್ಲಿನ ಮೇಲೆ ಕುಳಿತು, ಮಧ್ಯಾಹ್ನದ ಬೆಳಕು ಕುಂದುವವರೆಗೆ ಓದಿದೆ. ನನಗೆ ಉರ್ದು ಲಿಪಿ ಬರುವುದು ತಂದೆಯವರಿಂದ. ಮನೆಯಲ್ಲಿ ನಾವು ಆಡುತ್ತಿದ್ದುದು ಅಚ್ಚ ಕಲಬುರಗಿ ಕನ್ನಡ; ಆದರೂ ತಂದೆಯವರು ಕಿರಾಣಿ ಲೆಕ್ಕದಿಂದ ಹಿಡಿದು ಬೀಗರಿಗೆ ಬರೆಯುವ ಕಾಗದದವರೆಗೆ ಎಲ್ಲವನ್ನೂ ಕೊನೆಯ ತನಕ ಉರ್ದುವಿನಲ್ಲೇ ಬರೆದರು, ಏಕೆಂದರೆ ಅವರ ಕೈಗೆ ಶಾಲೆ ಕಲಿಸಿದ ಅಕ್ಷರ ಅದು.

ಆ ರಜಿಸ್ಟರಿನ ಹೆಸರು ದಾಖಿಲ್ ಖಾರಿಜ್. ದಾಖಿಲ್ ಎಂದರೆ ಒಳಗೆ ಬಂದದ್ದು, ಖಾರಿಜ್ ಎಂದರೆ ಹೊರಗೆ ಹೋದದ್ದು. ಒಬ್ಬ ವಿದ್ಯಾರ್ಥಿಯ ಶಾಲಾಜೀವನದ ಎರಡು ತುದಿಗಳೂ ಒಂದೇ ಸಾಲಿನಲ್ಲಿ ಬರುತ್ತವೆ. ಬಲದಿಂದ ಎಡಕ್ಕೆ ಕ್ರಮಸಂಖ್ಯೆ, ಹೆಸರು, ವಲ್ದಿಯತ್ ಎಂದು ತಂದೆಯ ಹೆಸರು, ಕೌಮ್ ಎಂದು ಸಮುದಾಯ, ಪೇಶಾ ಎಂದು ತಂದೆಯ ಕಸುಬು, ಸಕೂನತ್ ಎಂದು ವಾಸದ ಊರು, ಹುಟ್ಟಿದ ತಾರೀಖು, ಸೇರಿದ ತರಗತಿ, ಬಿಟ್ಟ ತಾರೀಖು, ಮತ್ತು ಕಟ್ಟಕಡೆಗೆ ಕೈಫಿಯತ್. ಊರುಗಳ ಸ್ಥಳಪುರಾಣಗಳನ್ನು ಬರೆಸಿಟ್ಟ ಕೈಫಿಯತ್ತುಗಳ ಬಗ್ಗೆ ಕನ್ನಡದ ಓದುಗರು ಕೇಳಿರುತ್ತೀರಿ. ಶಾಲೆಯ ರಜಿಸ್ಟರಿನಲ್ಲಿ ಅದು ಷರಾ ಬರೆಯುವ ಕಾಲಮು ಮಾತ್ರ. ಉಳಿದ ಕಾಲಮುಗಳನ್ನು ತುಂಬಲೇಬೇಕಿತ್ತು. ಇದನ್ನು ಮಾತ್ರ ಬರೆಯುವವರ ಮನಸ್ಸಿಗೆ ಬಿಟ್ಟಿದ್ದರು. ಹಾಗಾಗಿ ಬಹುಪಾಲು ಸಾಲುಗಳಲ್ಲಿ ಅದು ಖಾಲಿ, ಎಲ್ಲಿ ಬರೆದಿದ್ದಾರೋ ಅಲ್ಲಿ ಶಾಲೆ ಮಾತನಾಡುತ್ತದೆ.

ಹೈದರಾಬಾದ್ ಸಂಸ್ಥಾನದ ಶಾಲೆಗಳಲ್ಲಿ ತಹ್ತಾನಿಯಾ, ವಸ್ತಾನಿಯಾ, ಫೌಕಾನಿಯಾ ಎಂಬ ಮೂರು ಹಂತಗಳಿದ್ದವು. ಪ್ರಾಥಮಿಕ, ಮಾಧ್ಯಮಿಕ, ಪ್ರೌಢ ಎಂದು ನಾವು ಈಗ ಹೇಳುವುದನ್ನೇ ಅವರು ಕೆಳಗಿನದು, ನಡುವಿನದು, ಮೇಲಿನದು ಎಂದು ಹೇಳುತ್ತಿದ್ದರು. ಫೌಕಾನಿಯಾ ಮುಟ್ಟಿದ ಹುಡುಗನ ಮುಂದೆ ಉಸ್ಮಾನಿಯಾ ಮೆಟ್ರಿಕ್ ಇತ್ತು. ಅದನ್ನು ದಾಟಿದರೆ, 1918ರಲ್ಲಿ ಸ್ಥಾಪನೆಯಾಗಿ, ವಿಜ್ಞಾನವನ್ನೂ ವೈದ್ಯವನ್ನೂ ಉರ್ದುವಿನಲ್ಲೇ ಕಲಿಸಲು ದೊಡ್ಡ ಅನುವಾದ ವಿಭಾಗವನ್ನೇ ಕಟ್ಟಿಕೊಂಡಿದ್ದ ಉಸ್ಮಾನಿಯಾ ವಿಶ್ವವಿದ್ಯಾಲಯ ಇತ್ತು. ಹೊರಗಿನ ಭಾಷೆಯಾದ ಇಂಗ್ಲಿಷನ್ನು ಬಿಟ್ಟು ನಾಡಿನ ಭಾಷೆಯಲ್ಲಿ ಉನ್ನತ ಶಿಕ್ಷಣ ಕೊಡಬೇಕೆಂಬ ಆ ಹಂಬಲ ದೊಡ್ಡದು ಎಂದು ನಾನು ಈಗಲೂ ಒಪ್ಪುತ್ತೇನೆ. ಆದರೆ ಆಳಂದದಿಂದಲೋ ಸೇಡಂನಿಂದಲೋ ಬಂದ ಕನ್ನಡದ ಹುಡುಗನಿಗೆ ಎರಡೂ ಹೊರಗಿನವೇ ಆಗಿದ್ದವೆಂಬುದನ್ನು ಆ ಯೋಜನೆ ಮಾಡಿದವರು ಎಣಿಸಲಿಲ್ಲ. 1928ರಲ್ಲಿ ಬಿ.ಎಂ.ಶ್ರೀ. ಅವರ ಅಧ್ಯಕ್ಷತೆಯಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ ನಡೆದದ್ದು ಇದೇ ಕಲಬುರಗಿಯಲ್ಲಿ. ಆ ಕಾಲದಲ್ಲಿ ನಮ್ಮ ಹುಡುಗರು ಪ್ರೌಢಶಾಲೆಯೊಳಗೆ ಭೂಗೋಳ, ಗಣಿತ, ಇತಿಹಾಸಗಳನ್ನು ಉರ್ದುವಿನಲ್ಲೇ ಬಾಯಿಪಾಠ ಮಾಡಬೇಕಾಗಿತ್ತು.

ರಜಿಸ್ಟರಿನಲ್ಲಿ ವರ್ಷಗಳು ಫಸಲಿ ಲೆಕ್ಕದಲ್ಲಿವೆ. ಇಸವಿಯಿಂದ 590 ಕಳೆದರೆ ಹೆಚ್ಚುಕಡಿಮೆ ಫಸಲಿ ಸಿಗುತ್ತದೆ. ವರ್ಷ ಅಕ್ಟೋಬರಿನ ಮೊದಲ ವಾರದಲ್ಲಿ ಆಜೂರ್ ಮಾಸದಿಂದ ಶುರುವಾಗುತ್ತಿತ್ತು, ದೈ, ಬಹಮನ್, ಇಸ್ಫಂದಾರ್ ಎಂದು ಸಾಗಿ ಆಬಾನ್‌ಗೆ ಮುಗಿಯುತ್ತಿತ್ತು. ಫೀಸು ಹಾಲಿ ಸಿಕ್ಕಾದಲ್ಲಿ, ಅಂದರೆ ನಿಜಾಮರ ನಾಣ್ಯದಲ್ಲಿ. ಮೊತ್ತವನ್ನು ಅಂಕಿಗಳಲ್ಲಿ ಬರೆಯದೆ ರಖಮ್ ಎಂಬ ಗುರುತುಗಳಲ್ಲಿ ಬರೆದಿದ್ದಾರೆ; ಅವನ್ನು ಓದಲು ನನಗೂ ಬರಲಿಲ್ಲ. ಇವತ್ತಿನ ಉರ್ದು ಶಿಕ್ಷಕರಲ್ಲಿಯೂ ಅಚ್ಚಿನ ಅಕ್ಷರ ಓದುವವರೇ ಹೆಚ್ಚು. ಕಚೇರಿಯ ಗಡಿಬಿಡಿಯಲ್ಲಿ ಒಂದಕ್ಕೊಂದು ಜೋಡಿಸಿ ಎಳೆದ ಶಿಕಸ್ತಾ ಬರಹವನ್ನು ಓದಬಲ್ಲವರು ಎಪ್ಪತ್ತು ದಾಟಿದವರು. ಈ ಕೆಲಸವನ್ನು ಇನ್ನು ಹತ್ತು ವರ್ಷ ಮುಂದೂಡಿದರೆ ರಜಿಸ್ಟರು ಉಳಿದರೂ ಓದುವವರು ಉಳಿದಿರುವುದಿಲ್ಲ.

1350 ಫಸಲಿಯ, ಅಂದರೆ 1940-41ರ ಪುಟಗಳಲ್ಲಿ ನನ್ನ ತಂದೆಯವರ ಹೆಸರು ಸಿಕ್ಕಿತು. ಹುಟ್ಟಿದ್ದು 1336 ಫಸಲಿಯ ಬಹಮನ್ ಮಾಸ. ಪೇಶಾ ಎಂಬಲ್ಲಿ ಅಜ್ಜನ ಕಸುಬು ಒಕ್ಕಲುತನ. ಎರಡು ವರ್ಷಗಳ ನಂತರ ಹೆಸರು ಖಾರಿಜ್ ಆಗಿದೆ, ಕೈಫಿಯತ್ತಿನಲ್ಲಿ ಫೀಸ್ ಬಾಕಿ ಎಂದಿದೆ. ಅವ್ವನಿಗೆ ಆರಾಮ ಇರಲಿಲ್ಲ, ಅದಕ್ಕ ಒಂದು ವರ್ಷ ಸಾಲಿ ಬಿಟ್ಟಿದ್ದೆ ಎಂದು ಅವರು ನಮಗೆ ಹೇಳುತ್ತಿದ್ದರು. ಮರುವರ್ಷದ ಪುಟದಲ್ಲಿ ಅದೇ ಹೆಸರು ಮತ್ತೆ ಇದೆ. ಪಕ್ಕದಲ್ಲಿ ಬೇರೆ ಶಾಯಿಯಲ್ಲಿ, ಸದರ್ ಮುದರ್ರಿಸರ ಶಿಫಾರಸಿನ ಮೇರೆಗೆ ಫೀಸ್ ಮಾಫಿ ಎಂದು ಬರೆದಿದೆ. ಸದರ್ ಮುದರ್ರಿಸ್ ಎಂದರೆ ಮುಖ್ಯೋಪಾಧ್ಯಾಯರು. ಈ ಮಾಫಿಯ ವಿಷಯವನ್ನು ತಂದೆಯವರು ನಮ್ಮೆದುರು ಒಮ್ಮೆಯೂ ಎತ್ತಲಿಲ್ಲ. ಸಂಕೋಚವೋ, ಸ್ವಾಭಿಮಾನವೋ, ಈಗ ಕೇಳುವಂತಿಲ್ಲ. ಅವರು ಮುಂದೆ ಮೆಟ್ರಿಕ್ ಪಾಸಾಗಿ ಗುಮಾಸ್ತರಾಗಿ ನಮ್ಮನ್ನೆಲ್ಲ ಓದಿಸಿದರು. ಆ ಎರಡು ಶಬ್ದಗಳನ್ನು ಬರೆದ ಮುಖ್ಯೋಪಾಧ್ಯಾಯರು ಯಾರೆಂದು ಅಲ್ಲಿಯೇ ಬೇರೆ ಬಸ್ತಾದಲ್ಲಿ ಇರಬಹುದು.

ಅದೇ ರಜಿಸ್ಟರಿನ 1357 ಫಸಲಿಯ ಪುಟಗಳನ್ನು ಪ್ರತ್ಯೇಕವಾಗಿ ನೋಡಬೇಕು. ಅದು 1947ರ ಅಕ್ಟೋಬರಿನಿಂದ 1948ರ ಅಕ್ಟೋಬರಿನವರೆಗಿನ ವರ್ಷ. ದೇಶ ಸ್ವತಂತ್ರವಾಗಿ, ನಮ್ಮ ಭಾಗ ಮಾತ್ರ ನಿಜಾಮರ ಕೈಯಲ್ಲಿ ಉಳಿದು, 1948ರ ಸೆಪ್ಟೆಂಬರ್ 13ರಂದು ಆರಂಭವಾದ ಪೊಲೀಸ್ ಕಾರ್ಯಾಚರಣೆ 17ರಂದು ಮುಗಿದು, ಒಕ್ಕೂಟದೊಳಗೆ ಸೇರಿದ ವರ್ಷ. ಇದಕ್ಕೆ ಹತ್ತು ವರ್ಷಗಳ ಹಿಂದೆಯೇ, 1938ರಲ್ಲಿ, ವಂದೇ ಮಾತರಂ ಹಾಡಿದ್ದಕ್ಕಾಗಿ ಉಸ್ಮಾನಿಯಾ ವಿಶ್ವವಿದ್ಯಾಲಯದಿಂದ ಹೊರಹಾಕಲ್ಪಟ್ಟ ವಿದ್ಯಾರ್ಥಿಗಳು ನಾಗಪುರಕ್ಕೆ ಹೋಗಿ ಓದು ಮುಂದುವರಿಸಿದ್ದರು. ಹೈದರಾಬಾದ್ ಸ್ಟೇಟ್ ಕಾಂಗ್ರೆಸ್ಸಿನ ಮುಂದಾಳಾದ ಸ್ವಾಮಿ ರಮಾನಂದ ತೀರ್ಥರೂ ಮೊದಲು ಶಾಲಾ ಮುಖ್ಯೋಪಾಧ್ಯಾಯರಾಗಿದ್ದವರು. ಹೀಗಾಗಿ ವಿಮೋಚನೆಯ ಚರಿತ್ರೆಗೂ ಶಾಲೆಯ ಅಂಗಳಕ್ಕೂ ಹತ್ತಿರದ ನಂಟಿದೆ. ನಾನು ನೋಡಿದ ಆ ಪುಟಗಳಲ್ಲಿ ಖಾರಿಜ್ ಆದ ಹೆಸರುಗಳು ಸಾಲುಸಾಲಾಗಿವೆ. ಕೈಫಿಯತ್ತಿನಲ್ಲಿ ಗೈರ್ ಹಾಜರ್ ಎಂಬ ಒಂದೇ ಮಾತು. ಅವರಲ್ಲಿ ನಿಜಾಮರ ವಿರುದ್ಧ ಹೋರಾಡುವವರ ಗಡಿ ಶಿಬಿರಗಳಿಗೆ ಹೋದವರೆಷ್ಟು, ಹೆದರಿ ಊರಿಗೆ ಹೋದವರೆಷ್ಟು, ಕಾರ್ಯಾಚರಣೆಯ ನಂತರದ ದಿನಗಳಲ್ಲಿ ಮನೆ ಕಳೆದುಕೊಂಡವರೆಷ್ಟು ಎಂಬುದನ್ನು ಗೈರ್ ಹಾಜರ್ ಎಂಬ ಆ ಮಾತು ಹೇಳುವುದಿಲ್ಲ. ಹೆಸರುಗಳಲ್ಲಿ ಎಲ್ಲ ಸಮುದಾಯದವರೂ ಇದ್ದಾರೆ. ಪ್ರತಿವರ್ಷ ಸೆಪ್ಟೆಂಬರ್ 17ರಂದು ಧ್ವಜ ಹಾರಿಸಿ ಭಾಷಣ ಮಾಡುವ ನಾವು, ಆ ವರ್ಷ ನಮ್ಮದೇ ತರಗತಿಯಿಂದ ಕಾಣೆಯಾದ ಹುಡುಗರ ಪಟ್ಟಿ ಬೆಂಚುಗಳ ಹಿಂದೆ ಬಿದ್ದಿರುವುದನ್ನು ಅರಿಯದೆ ಇದ್ದೇವೆ.

ಅದರ ನಂತರದ ರಜಿಸ್ಟರಿನಲ್ಲಿ ಲಿಪಿ ಬದಲಾಗುತ್ತದೆ. ಕೆಲವು ವರ್ಷ ಉರ್ದು, ಇಂಗ್ಲಿಷು, ಕನ್ನಡ ಮೂರೂ ಕಲಸಿಕೊಂಡು ಬರುತ್ತವೆ. 1956ರ ನವೆಂಬರ್ 1ರಂದು ಹೊಸ ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ಕನ್ನಡ ಗಟ್ಟಿಯಾಗುತ್ತದೆ. ಆದರೆ ಒಂದೇ ರಾತ್ರಿಯಲ್ಲಿ ಉರ್ದುವಿನಿಂದ ಕನ್ನಡಕ್ಕೆ ದಾಟಲು ಶಿಕ್ಷಕರಿಗೆ ಆಗಲಿಲ್ಲ. ನಮಗೆ ಗಣಿತ ಕಲಿಸಿದ ಹಿರಿಯರು 1972ರಲ್ಲೂ ಲೆಕ್ಕವನ್ನು ಬಾಯಲ್ಲಿ ಉರ್ದುವಿನಲ್ಲಿ ಮಾಡಿ, ಉತ್ತರವನ್ನು ಮಾತ್ರ ಕನ್ನಡದಲ್ಲಿ ಹಲಗೆಯ ಮೇಲೆ ಬರೆಯುತ್ತಿದ್ದರು. ಕನ್ನಡ ಕಲಿಸಲು ಧಾರವಾಡದ ಕಡೆಯಿಂದ ಬಂದ ಮಾಸ್ತರರು ನಮ್ಮ ಮಾತು ಕೇಳಿ ನಗುತ್ತಿದ್ದರು, ನಾವು ಅವರ ಮಾತು ಕೇಳಿ ನಗುತ್ತಿದ್ದೆವು. ಮಾಧ್ಯಮಿಕ ಶಿಕ್ಷಣದ ಮುದಲಿಯಾರ್ ಆಯೋಗದ ಶಿಫಾರಸಿನಂತೆ ಆ ಕಾಲದಲ್ಲಿ, ಓದಿನ ಜೊತೆಗೆ ಕಸುಬನ್ನೂ ಕಲಿಸುವ ಬಹೂದ್ದೇಶ ಪ್ರೌಢಶಾಲೆಗಳು ಬಂದವು. ಅದರ ನೆನಪಾಗಿ ನಮ್ಮ ಶಾಲೆಯಲ್ಲಿ ಬಡಗಿ ಕೆಲಸದ ಒಂದು ಕೋಣೆ ಇತ್ತು, ಉಳಿ, ಬೈರಿಗೆ, ಕರಗಸಗಳಿದ್ದವು, ಕಲಿಸುವವರು ಇರಲಿಲ್ಲ. ಆ ಕೋಣೆಯೇ ಈಗ ಬಸ್ತಾಗಳು ಬಿದ್ದಿರುವ ಕೋಣೆ.

ನನ್ನ ಕಾಲದ ಶಾಲೆಯ ಬಗ್ಗೆ ನಾನು ಬಹಳ ಹೇಳಬಲ್ಲೆ, ಆದರೆ ರಜಿಸ್ಟರು ಹೇಳುವುದಕ್ಕೂ ನನ್ನ ನೆನಪಿಗೂ ಹೊಂದಿಕೆಯಾಗದ ಒಂದು ಸಂಗತಿಯನ್ನು ಮಾತ್ರ ಸ್ವಲ್ಪ ವಿವರವಾಗಿ ಬರೆಯುತ್ತೇನೆ. ನಮ್ಮ ತರಗತಿಯಲ್ಲಿ ಅರ್ಧಕ್ಕರ್ಧ ಹುಡುಗರು ಹಳ್ಳಿಯವರು. ಕೆಲವರು ಮಠದ ಪ್ರಸಾದನಿಲಯದಲ್ಲಿ, ಕೆಲವರು ಸರ್ಕಾರಿ ಹಾಸ್ಟೆಲಿನಲ್ಲಿ, ಇನ್ನು ಕೆಲವರು ಮೂರು ನಾಲ್ಕು ಜನ ಸೇರಿ ಬಾಡಿಗೆಗೆ ಹಿಡಿದ ಕೋಣೆಯಲ್ಲಿ ಇರುತ್ತಿದ್ದರು. ಕೋಣೆಯವರಿಗೆ ಊರಿನ ಬಸ್ಸಿನಲ್ಲಿ ಬುತ್ತಿ ಬರುತ್ತಿತ್ತು. ಕಂಡಕ್ಟರರ ಕೈಯಲ್ಲಿ ಕೊಟ್ಟು ಕಳಿಸಿದ ಆ ಬುತ್ತಿಯ ಬಟ್ಟೆಗೆ ಹೆಸರು ಬರೆದಿರುತ್ತಿರಲಿಲ್ಲ. ಗಂಟಿನ ಬಗೆ ನೋಡಿಯೇ ಇದು ನಮ್ಮವ್ವ ಕಟ್ಟಿದ್ದು ಎಂದು ಗುರುತು ಹಿಡಿಯುತ್ತಿದ್ದರು. ಒಳಗೆ ಜೋಳದ ರೊಟ್ಟಿ, ಶೇಂಗಾ ಹಿಂಡಿ, ಪುಂಡಿ ಪಲ್ಯ. ಶನಿವಾರ ಬೆಳಗಿನ ಶಾಲೆ ಮುಗಿಯುತ್ತಲೇ ಅವರು ಬಸ್ ನಿಲ್ದಾಣಕ್ಕೆ ಓಡುತ್ತಿದ್ದರು. ಶರಣಬಸವೇಶ್ವರರ ಜಾತ್ರೆಯಲ್ಲಿ ಮಾತ್ರ ಅವರ ಊರೇ ಎತ್ತಿನ ಬಂಡಿ ಕಟ್ಟಿಕೊಂಡು ಇಲ್ಲಿಗೆ ಬರುತ್ತಿತ್ತು. ಆ ದಿನಗಳಲ್ಲಿ ಹಾಜರಿ ಕರೆಯುವುದೇ ವ್ಯರ್ಥವೆಂದು ಮಾಸ್ತರರಿಗೂ ಗೊತ್ತಿತ್ತು. ಉರುಸಿನ ದಿನ ಬಂದೇನವಾಜರ ದರ್ಗಾದ ಕಡೆಗೆ ಹೊರಟರೆ ಎಲ್ಲಿಗೆ ಎಂದು ಯಾರೂ ಕೇಳುತ್ತಿರಲಿಲ್ಲ. ಮಾರ್ಚಿನಿಂದ ಬೆಳಗಿನ ಶಾಲೆ. ಒಂಬತ್ತೂವರೆಗೆಲ್ಲ ತಗಡಿನ ಛಾವಣಿಯ ತರಗತಿಗಳು ಕಾದ ಹಂಚಿನಂತಾಗುತ್ತಿದ್ದವು, ಹಳೆಯ ಗಚ್ಚಿನ ಕಟ್ಟಡ ಮಾತ್ರ ತಂಪಾಗಿರುತ್ತಿತ್ತು. ಹತ್ತನೆಯ ತರಗತಿಗೆ ಬಂದರೆ ಆ ಕಟ್ಟಡದಲ್ಲಿ ಕೂರಬಹುದೆಂಬುದೇ ನಮಗೆ ದೊಡ್ಡ ಆಸೆಯಾಗಿತ್ತು.

1972ರ ಮಳೆಗಾಲದಲ್ಲಿ ಮಳೆ ಬರಲಿಲ್ಲ. ದಸರಾ ಸೂಟಿ ಮುಗಿದು ಶಾಲೆ ತೆರೆದಾಗ ಹಳ್ಳಿಯ ಹುಡುಗರ ಬೆಂಚುಗಳು ಖಾಲಿ. ಒಬ್ಬನನ್ನು ನಾನು ಬೇಸಿಗೆಯಲ್ಲಿ ಅಫಜಲಪುರದ ದಾರಿಯಲ್ಲಿ, ಬರಗಾಲದ ಕಾಮಗಾರಿಯಲ್ಲಿ ತಾಯಿಯ ಜೊತೆ ಜಲ್ಲಿ ಒಡೆಯುತ್ತಿದ್ದಾಗ ಕಂಡೆ. ಅವನು ಒಂಬತ್ತನೆಯ ತರಗತಿಯಲ್ಲಿ ನನಗಿಂತ ಮೇಲಿನ ನಂಬರಿನಲ್ಲಿದ್ದವನು. ಅವನನ್ನು ನೋಡಿ ನಾನು ಮಾತನಾಡಿಸದೆ ಬಂದೆ. ಹದಿನಾಲ್ಕು ವರ್ಷದವನಿಗೆ ಆಡಲು ಮಾತೇ ಹೊಳೆಯಲಿಲ್ಲ. ಐವತ್ತು ವರ್ಷಗಳ ನಂತರ ಕಚೇರಿಯ ಕಪಾಟಿನ ರಜಿಸ್ಟರಿನಲ್ಲಿ ಅವನ ಸಾಲನ್ನು ಹುಡುಕಿದೆ. ಷರಾ ಕಾಲಮಿನಲ್ಲಿ, ಈಗ ಕನ್ನಡದಲ್ಲಿ, ದೀರ್ಘ ಗೈರುಹಾಜರಿಗಾಗಿ ಹೆಸರು ಕಡಿಮೆ ಮಾಡಲಾಗಿದೆ ಎಂದಿದೆ. ಆ ವರ್ಷದ ಪುಟಗಳಲ್ಲಿ ಅದೇ ವಾಕ್ಯ ಮೂವತ್ತೊಂದು ಸಲ ಬರುತ್ತದೆ. ನಾನು ಎಣಿಸಿದೆ. ನನ್ನ ನೆನಪಿನಲ್ಲಿ ಶಾಲೆ ಬಿಟ್ಟವರು ಐದಾರು ಜನ ಮಾತ್ರ. ಉಳಿದವರನ್ನು ನಾನು ಮರೆತೇ ಬಿಟ್ಟಿದ್ದೆ. ಶಾಲೆ ಮುಗಿಸಿದವರು ಹಳೆಯ ವಿದ್ಯಾರ್ಥಿಗಳ ಸಂಘ ಕಟ್ಟಿಕೊಂಡು ವರ್ಷಕ್ಕೊಮ್ಮೆ ಊಟ ಮಾಡುತ್ತೇವೆ, ಅರ್ಧಕ್ಕೆ ಬಿಟ್ಟವರಿಗೆ ಆ ರಜಿಸ್ಟರಿನ ಹೊರಗೆ ಎಲ್ಲಿಯೂ ಹೆಸರಿಲ್ಲ.

2002ರಲ್ಲಿ ಈ ಭಾಗದ ಜಿಲ್ಲೆಗಳಿಂದಲೇ ಶಾಲೆಯ ಬಿಸಿಯೂಟ ಆರಂಭವಾಗಿ ಕೆಲವು ವರ್ಷಗಳಲ್ಲಿ ಪ್ರೌಢಶಾಲೆಗಳಿಗೂ ಬಂದಾಗ, ಊಟದ ಗಂಟೆಗೆ ಸಾಲಾಗಿ ಕುಳಿತ ಮಕ್ಕಳನ್ನು ಕಂಡು ನನಗೆ ನೆನಪಾದದ್ದು ಆ ಜಲ್ಲಿಯ ರಾಶಿ. ಶಾಲೆಗೆ ಬಾರದ ಮಕ್ಕಳ ಬಗ್ಗೆ ಮಾತನಾಡುವಾಗ ತಂದೆತಾಯಿಯ ಅಸಡ್ಡೆ ಎಂದು ಸುಲಭವಾಗಿ ಹೇಳಿಬಿಡುವವರು ನಮ್ಮ ಶಿಕ್ಷಕರಲ್ಲೂ ಇದ್ದಾರೆ. 2011ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆ ಶೇಕಡ 75 ದಾಟಿದ್ದಾಗ ಯಾದಗಿರಿಯದು ಶೇಕಡ 52ರ ಒಳಗೇ ಇತ್ತು. ಆ ಅಂತರ ಹೇಗೆ ಬೆಳೆಯಿತು ಎಂಬುದನ್ನು ವರ್ಷವರ್ಷವೂ, ಊರೂರಿಗೂ, ಕಸುಬು ಕಸುಬಿಗೂ ಬಿಡಿಸಿ ತೋರಿಸಬಲ್ಲ ದಾಖಲೆ ಶಾಲೆಗಳ ದಾಖಿಲ್ ಖಾರಿಜ್ ಅಲ್ಲದೆ ಬೇರೆ ಯಾವುದಿದೆ? ಯಾವ ಊರಿನಿಂದ ಮೊದಲ ಹುಡುಗ ಯಾವ ವರ್ಷ ಪ್ರೌಢಶಾಲೆಗೆ ಬಂದ, ಯಾವ ಕಸುಬಿನವರ ಮಕ್ಕಳು ಎಂಟನೆಯ ತರಗತಿ ದಾಟಲಿಲ್ಲ, ಹೆಣ್ಣುಮಕ್ಕಳ ಹೆಸರು ಎಂದಿನಿಂದ ಬರತೊಡಗಿತು ಎಂಬುದೆಲ್ಲ ಅಲ್ಲಿದೆ. ನಮ್ಮ ಶಾಲೆಯಲ್ಲಿ ನನ್ನ ಕಾಲದವರೆಗೂ ಒಂದು ಹೆಣ್ಣು ಹೆಸರೂ ಇಲ್ಲ. ಅವರ ಶಾಲೆ ಬೇರೆ ಇತ್ತು, ಅದರ ಬಸ್ತಾಗಳು ಎಲ್ಲಿವೆಯೋ ಆ ಶಾಲೆಯವರು ನೋಡಬೇಕು.

ಇಲ್ಲಿ ರಜಿಸ್ಟರನ್ನು ಪವಿತ್ರ ಗ್ರಂಥವೆಂದು ನಾನು ಹೇಳುತ್ತಿಲ್ಲ. ಅದರಲ್ಲಿ ಸುಳ್ಳುಗಳೂ ಇವೆ. ನನ್ನ ತರಗತಿಯ ಹಾಜರಿ ಪುಸ್ತಕ ತೆರೆದರೆ ಮುಕ್ಕಾಲು ಪಾಲು ಹುಡುಗರು ಜೂನ್ 1ರಂದು ಹುಟ್ಟಿದವರು. ಒಂದನೆಯ ತರಗತಿಗೆ ಸೇರಿಸುವಾಗ, ಬಲಗೈಯನ್ನು ತಲೆಯ ಮೇಲಿಂದ ಹಾಕಿ ಎಡಗಿವಿ ಮುಟ್ಟಿಸಿ, ಮುಟ್ಟಿದರೆ ಆರು ವರ್ಷವಾಯಿತೆಂದು ಲೆಕ್ಕ ಹಿಡಿದು ಮಾಸ್ತರರು ಬರೆದ ತಾರೀಖು ಅದು. ನಾನೂ ಜೂನ್ 1ರವನೇ. ನಾನು ಹುಟ್ಟಿದ್ದು ಸೀಗಿ ಹುಣ್ಣಿಮೆಯ ಮರುದಿನವೆಂದು ಅವ್ವ ಹೇಳುತ್ತಿದ್ದಳು. ಸರ್ಕಾರ ನನ್ನನ್ನು ನಿವೃತ್ತಿ ಮಾಡಿದ್ದು ಮಾಸ್ತರರ ಲೆಕ್ಕದಂತೆ. ಆದರೆ ಅಂಥ ತಪ್ಪುಗಳನ್ನು ಹಿಡಿಯಲಿಕ್ಕಾದರೂ ಮೂಲ ಪುಸ್ತಕ ಇರಬೇಕು.

ಈಗ ವಿದ್ಯಾರ್ಥಿಗಳ ಮಾಹಿತಿಯೆಲ್ಲ ಆನ್‌ಲೈನ್ ಆಗಿದೆಯಲ್ಲ ಎಂದು ಕೆಲವರು ನನ್ನನ್ನು ಕೇಳಿದರು. ಆಗಿರುವುದು ಇತ್ತೀಚಿನ ಕೆಲವೇ ವರ್ಷಗಳ ಮಾಹಿತಿ. ಅದರ ಹಿಂದಿನ ಮುಕ್ಕಾಲು ಶತಮಾನ ಕಾಗದದಲ್ಲಿದೆ. ಇನ್ನು ಕೆಲವರು, ಶಾಲೆಯ ಚರಿತ್ರೆ ಸ್ಮರಣ ಸಂಚಿಕೆಯಲ್ಲಿ ಬಂದಿದೆಯಲ್ಲ ಎಂದರು. ನಾನು ಓದಿದ್ದೇನೆ. ಶುಭಸಂದೇಶಗಳು ಹದಿನಾಲ್ಕು ಪುಟ, ದಾನಿಗಳ ಭಾವಚಿತ್ರಗಳು ಒಂಬತ್ತು ಪುಟ, ಚರಿತ್ರೆ ಒಂದೂವರೆ ಪುಟ. ಆ ಒಂದೂವರೆ ಪುಟದಲ್ಲಿಯೂ ಮಂತ್ರಿಗಳಾದವರ, ದೊಡ್ಡ ಅಧಿಕಾರಿಗಳಾದವರ ಹೆಸರುಗಳೇ ಇವೆ. ಅವರ ಬಗ್ಗೆ ನನಗೂ ಹೆಮ್ಮೆ ಇದೆ. ಆದರೆ ಅದನ್ನು ಬರೆದ ಸಮಿತಿಯಲ್ಲಿ ನಾನೂ ಇದ್ದು, ಬಡಗಿ ಕೋಣೆಯ ಬಾಗಿಲು ತೆರೆಯಲು ಆಗ ನನಗೂ ತೋಚಲಿಲ್ಲ ಎಂಬುದನ್ನು ಒಪ್ಪಿಕೊಳ್ಳುತ್ತೇನೆ.

ನಾನು ಕೇಳುವ ಕೆಲಸಕ್ಕೆ ದೊಡ್ಡ ಅನುದಾನ ಬೇಕಿಲ್ಲ. ಬಸ್ತಾಗಳನ್ನು ಹೊರತಂದು, ನೆರಳಿನಲ್ಲಿ ಆರಿಸಿ, ಗೆದ್ದಲು ಹಿಡಿದವನ್ನು ಬೇರೆ ಇಟ್ಟು, ಪ್ರತಿ ರಜಿಸ್ಟರಿಗೆ ಒಂದು ಚೀಟಿ ಅಂಟಿಸಿ, ಯಾವ ವರ್ಷದಿಂದ ಯಾವ ವರ್ಷದವರೆಗಿನದೆಂದು ಬರೆದು, ಒಂದು ಕಬ್ಬಿಣದ ಕಪಾಟಿನಲ್ಲಿ ಇಡಲು ಒಂದು ವಾರ ಸಾಕು. ಆಮೇಲೆ ಪುಟಗಳ ಚಿತ್ರ ತೆಗೆಯುವ ಕೆಲಸ. ಅದನ್ನು ಹೇಗೆ ಮಾಡಬೇಕೆಂದು ಹೇಳಿಕೊಡಲು ರಾಜ್ಯ ಪತ್ರಾಗಾರ ಇಲಾಖೆ ಇದೆ. ಅವರಿಗೆ ಒಂದು ಪತ್ರ ಹೋಗಬೇಕು. ಓದುವ ಕೆಲಸಕ್ಕೆ ನಿವೃತ್ತ ಉರ್ದು ಶಿಕ್ಷಕರು ಕಲಬುರಗಿಯಲ್ಲಿಯೂ ಬೀದರಿನಲ್ಲಿಯೂ ಇದ್ದಾರೆ. ನಾನು ಮಾತನಾಡಿಸಿದ ಮೂವರೂ ಚಹಾ ಕುಡಿಸಿದರೆ ಸಾಕು, ಬರುತ್ತೇವೆ ಎಂದಿದ್ದಾರೆ. ಅವರ ಪಕ್ಕದಲ್ಲಿ ಕನ್ನಡ ಬರೆಯುವ ಕಾಲೇಜು ಹುಡುಗರು ಕುಳಿತರೆ, ಒಬ್ಬರು ಓದಿದ್ದನ್ನು ಮತ್ತೊಬ್ಬರು ಬರೆದುಕೊಳ್ಳುತ್ತ ಹೋಗಬಹುದು.

ಒಂದು ಎಚ್ಚರಿಕೆಯನ್ನೂ ಹೇಳಬೇಕು. ಈ ಪುಟಗಳಲ್ಲಿ ಜನರ ಜಾತಿ, ಬಡತನ, ಫೀಸಿನ ಬಾಕಿ, ತಂದೆ ಯಾರೆಂಬ ಮಾಹಿತಿ ಎಲ್ಲವೂ ಇವೆ. ಕೌಮ್ ಎಂಬ ಕಾಲಮಿನಲ್ಲಿ ಆ ಕಾಲದ ಗುಮಾಸ್ತರು ಬರೆದ ಕೆಲವು ಶಬ್ದಗಳನ್ನು ಇಂದು ಯಾರನ್ನೂ ಕರೆಯಲು ಬಳಸಬಾರದು. ಜಾತಿ ಪ್ರಮಾಣಪತ್ರಗಳ ತಕರಾರುಗಳಲ್ಲಿ ಇಂಥ ಹಳೆಯ ರಜಿಸ್ಟರುಗಳು ಸಾಕ್ಷ್ಯವಾಗುವುದರಿಂದ, ಒಂದು ಅಕ್ಷರ ತಿದ್ದಲು ಕಾದಿರುವವರೂ ಇರಬಹುದು. ಆದ್ದರಿಂದ ಚಿತ್ರ ತೆಗೆದ ಪ್ರತಿ ಇಲಾಖೆಯ ಬಳಿಯೂ ಪತ್ರಾಗಾರದ ಬಳಿಯೂ ಇರಲಿ. ಅಂತರ್ಜಾಲದಲ್ಲಿ ಎಲ್ಲರಿಗೂ ತೆರೆದಿಡುವುದು ಬೇಡ. ತಮ್ಮ ಮನೆಯವರ ಸಾಲು ಬೇಕಾದವರು ಅರ್ಜಿ ಕೊಟ್ಟು ಪಡೆಯಲಿ, ಸಂಶೋಧಕರು ಹೆಸರು ಬಿಟ್ಟು ಉಳಿದದ್ದನ್ನು ಬಳಸಲಿ. ಮೂಲ ಪುಸ್ತಕಗಳು ಶಾಲೆಯಲ್ಲೇ ಇರಬೇಕೋ ಪತ್ರಾಗಾರಕ್ಕೆ ಹೋಗಬೇಕೋ ಎಂಬುದರಲ್ಲಿ ನನ್ನ ಮನಸ್ಸು ಎರಡಾಗಿದೆ. ಶಾಲೆಯಲ್ಲಿದ್ದರೆ ಮಕ್ಕಳ ಕಣ್ಣಿಗೆ ಬೀಳುತ್ತವೆ, ಪತ್ರಾಗಾರದಲ್ಲಿದ್ದರೆ ಬಾಳಿಕೆ ಬರುತ್ತವೆ. ನೀವು ತೀರ್ಮಾನಿಸಿ.

ಚಿತ್ತಾಪುರದ ಬಳಿಯ ನಾಗಾವಿಯಲ್ಲಿ 11ನೇ ಶತಮಾನದ ಒಂದು ಘಟಿಕಾಸ್ಥಾನ, ಅಂದರೆ ಉನ್ನತ ವಿದ್ಯಾಕೇಂದ್ರ, ಇತ್ತು. ಅಲ್ಲಿನ ಶಾಸನ ವಿದ್ಯಾರ್ಥಿಗಳ, ಉಪಾಧ್ಯಾಯರ ಸಂಖ್ಯೆಯ ಜೊತೆಗೆ ಆರು ಜನ ಸರಸ್ವತೀ ಭಂಡಾರಿಗರನ್ನೂ ಲೆಕ್ಕ ಹಾಕಿ ಹೇಳುತ್ತದೆ. ಗ್ರಂಥಗಳನ್ನು ಕಾಯುವುದು ಅವರ ಕೆಲಸ, ಅದಕ್ಕಾಗಿ ಅವರಿಗೆ ದತ್ತಿ. ಬೀದರಿನಲ್ಲಿ 1472ರಲ್ಲಿ ಮಹಮೂದ್ ಗವಾನರು ಕಟ್ಟಿಸಿದ ಮದರಸಾದ ಒಂದು ಮಿನಾರು ಇಂದಿಗೂ ನಿಂತಿದೆ, ಅಲ್ಲಿದ್ದ ಗ್ರಂಥಾಲಯ ಉಳಿಯಲಿಲ್ಲ. ಪ್ರವಾಸಕ್ಕೆ ಮಕ್ಕಳನ್ನು ಕರೆದೊಯ್ದಾಗ ಈ ಎರಡನ್ನೂ ನಾನು ಅನೇಕ ಸಲ ತೋರಿಸಿದ್ದೇನೆ, ಕಲ್ಲುಗಳನ್ನು ಮುಟ್ಟಿ ನೋಡಿ ಎಂದು ಹೇಳಿದ್ದೇನೆ. ನಮ್ಮ ಪ್ರೌಢಶಾಲೆಗಳಿಗೆ ಗ್ರಂಥಪಾಲಕರ ಹುದ್ದೆ ಇಲ್ಲದಿರುವುದರಿಂದ, ಆ ಕೋಣೆಯ ಭಂಡಾರಿಗರಾಗಿ ಇಷ್ಟು ವರ್ಷ ಉಳಿದವರು ಬೀಗದ ಕೈ ಇಟ್ಟುಕೊಂಡಿರುವ ಆ ಜವಾನರು ಒಬ್ಬರೇ. ರದ್ದಿಯವರು ಎರಡು ಸಲ ಬಂದಿದ್ದರೆಂದೂ, ಸಾಹೇಬರ ಲಿಖಿತ ಆದೇಶ ತನ್ನಿ ಎಂದು ತಾವು ಹಿಂದೆ ಕಳಿಸಿದರೆಂದೂ ಅವರು ನನಗೆ ಹೇಳಿದರು. ಅವರಿಗೆ ಆ ಪುಸ್ತಕಗಳಲ್ಲಿ ಏನಿದೆ ಎಂದು ಗೊತ್ತಿರಲಿಲ್ಲ. ಹಳೇ ಸಾಹೇಬರು ಕೊಟ್ಟ ಚಾವಿ ಇದು, ಅವರ ಮಾತಿಗಿ ಇಟ್ಟಿದ್ದೀನ್ರೀ ಎಂದರು.

ಆ ಕೋಣೆಯ ಮಾಳಿಗೆ ಕಿಟಕಿಯ ಬದಿಗೆ ಸೋರುತ್ತದೆ, ಬಸ್ತಾಗಳನ್ನು ನಾವಿಬ್ಬರೂ ಸೇರಿ ಎದುರು ಗೋಡೆಗೆ ಸರಿಸಿ, ಕೆಳಗೆ ಎರಡು ಬೆಂಚುಗಳನ್ನು ಕೊಟ್ಟು, ಮೇಲೆ ತಾಡಪಾಲು ಹೊದಿಸಿ ಬಂದಿದ್ದೇವೆ. ರೋಹಿಣಿ ಮಳೆಗೆ ಅದು ತಡೆದೀತು, ಮೃಗಶಿರಾ ಮಳೆಗೆ ತಡೆಯುವುದಿಲ್ಲ. ಜವಾನರ ನಿವೃತ್ತಿ ಮೇ ತಿಂಗಳ ಕೊನೆಗೆ; ಅವರೂ ಜೂನ್ 1ರವರು. ಅಷ್ಟರೊಳಗೆ ಲಿಖಿತ ಆದೇಶವೊಂದು ಬಂದರೆ, ಯಾವ ದಿನ ಕರೆದರೂ ನಾನು ಆ ಮೂವರು ಉರ್ದು ಮಾಸ್ತರರೊಡನೆ ಬರುತ್ತೇನೆ.

ಇಂತಿ ವಿಶ್ವಾಸಿ,
ಒಬ್ಬ ಹಳೆಯ ವಿದ್ಯಾರ್ಥಿ ಹಾಗೂ ನಿವೃತ್ತ ಕನ್ನಡ ಶಿಕ್ಷಕ
ಕಲಬುರಗಿ